ಕೂದಲಿನ ನೆಪದಲ್ಲಿ ಈಜು ಬಿಡಿಸಬೇಡಿ

ಬೇಸಿಗೆ ರಜೆ ಬಂತೆಂದರೆ ಈಜುಕೊಳಗಳಲ್ಲಿ ಮಕ್ಕಳದ್ದೇ ಗದ್ದಲ. ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಕಡೆ ನಮ್ಮ ಮನೆಗಳ ಹೆಣ್ಣುಮಕ್ಕಳೂ ಉತ್ಸಾಹದಿಂದ ಸೇರುತ್ತಾರೆ. ಆದರೆ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಮಾತು ಶುರುವಾಗುತ್ತದೆ. “ಕೂದಲು ನೋಡು, ತೆಂಗಿನ ನಾರಿನಂತಾಗಿದೆ.” “ಮುಖ ಎಷ್ಟು ಕಪ್ಪಾಯಿತು!” ಕೊನೆಗೆ ತೀರ್ಪು: “ಇನ್ನು ಈಜು ಸಾಕು.”

ನನ್ನ ನಾದಿನಿಯ ಮನೆಯಲ್ಲೂ ಹೀಗೇ ಆಯಿತು. ಅವಳ 12 ವರ್ಷದ ಮಗಳು ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಈಜಲು ಆಗಷ್ಟೇ ಕಲಿತಿದ್ದಳು. ಅಷ್ಟರಲ್ಲೇ ಬಿಡಿಸಿದರು. “ಮಾಮಿ, ನೀವಾದರೂ ಉಮ್ಮನಿಗೆ ಹೇಳಿ” ಎಂದು ಅವಳು ನನ್ನ ಬಳಿ ಬಂದಾಗ ಒಂದು ವಿಷಯ ಗಮನಿಸಿದೆ. ಅದೇ ಕೊಳಕ್ಕೆ ಹೋಗುತ್ತಿದ್ದ ಅವಳ ಅಣ್ಣನ ಚರ್ಮವೂ ಒಣಗಿ ಬಿಳಿಚಿಕೊಂಡಿತ್ತು. ಅವನನ್ನು ಯಾರೂ ಬಿಡಿಸಿರಲಿಲ್ಲ.

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ತೀರ್ಪು ಕೊಡುವ ಮುನ್ನ ಸ್ವಲ್ಪ ಯೋಚಿಸಿ. ಕ್ಲೋರಿನ್ ನೀರಿನಿಂದ ಕೂದಲು, ಚರ್ಮ, ಬಟ್ಟೆಗೆ ತೊಂದರೆಯಾಗುವುದು ನಿಜ. ಆದರೆ ನೀರಿಗಿಳಿಯುವ ಮೊದಲು ಐದು ನಿಮಿಷ, ಹೊರಬಂದ ಮೇಲೆ ಹತ್ತು ನಿಮಿಷ ಕಾಳಜಿ ವಹಿಸಿದರೆ ಅದರ ಬಹುಪಾಲನ್ನು ತಡೆಯಬಹುದು. ಇಷ್ಟಕ್ಕಾಗಿ ಒಂದು ಮಗುವಿನ ಈಜನ್ನೇ ನಿಲ್ಲಿಸುವುದು ನ್ಯಾಯವಲ್ಲ.

ಮೊದಲು ಕ್ಲೋರಿನ್ ಬಗ್ಗೆ. ಹಲವರು ಇಳಿಯುವ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಅದನ್ನು ಬೆರೆಸುತ್ತಾರೆ. ಸರಿಯಾಗಿ ನೋಡಿಕೊಳ್ಳುವ ಕೊಳದಲ್ಲಿ ಒಂದು ಲೀಟರ್ ನೀರಿಗೆ ಅದರ ಪ್ರಮಾಣ ಸುಮಾರು 1ರಿಂದ 3 ಮಿಲಿಗ್ರಾಂ ಮಾತ್ರ. ಹಾಗಾದರೆ ಕೆಲವು ಕೊಳಗಳಲ್ಲಿ ಮೂಗಿಗೆ ಬಡಿಯುವ ಆ ಕಟು ವಾಸನೆ ಎಲ್ಲಿಂದ? ನಮ್ಮ ಬೆವರು, ಮೈಯ ಕೊಳೆ, ಮಕ್ಕಳ ಮೂತ್ರ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಎಂಬ ವಸ್ತುಗಳಾಗುತ್ತವೆ. ವಾಸನೆಗೂ ಕಣ್ಣುರಿಗೂ ಮುಖ್ಯ ಕಾರಣ ಅವೇ. ಅಂದರೆ ನಾವು ದೂರುವ ತೊಂದರೆಯಲ್ಲಿ ಒಂದು ಪಾಲು ನಾವೇ ಹೊತ್ತು ತಂದದ್ದು!

ಆದ್ದರಿಂದ ಮೊದಲ ನಿಯಮ: ಮೈ ತೊಳೆಯದೆ ಕೊಳಕ್ಕೆ ಇಳಿಯಬೇಡಿ. ಶವರ್ ಕೆಳಗೆ ಒಂದು ನಿಮಿಷ ನಿಂತರೂ ಮೈಮೇಲಿನ ಹೆಚ್ಚಿನ ಕೊಳೆ, ಬೆವರು ಹೋಗುತ್ತದೆ. ಮಕ್ಕಳನ್ನು ಮೊದಲೇ ಶೌಚಾಲಯಕ್ಕೆ ಕಳಿಸಿ. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಕರೆದೊಯ್ಯಲೇಬೇಡಿ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಕ್ಲೋರಿನ್ ಇರುವ ನೀರಿನಲ್ಲೂ ದಿನಗಟ್ಟಲೆ ಬದುಕಬಲ್ಲದು. ಶುಚಿತ್ವದ ಬಗ್ಗೆ ಇಷ್ಟೊಂದು ಮಾತನಾಡುವ ನಾವು ಇತರರೂ ಇಳಿಯುವ ನೀರಿನ ವಿಷಯದಲ್ಲಿ ಅದನ್ನು ಮರೆಯಬಾರದು.

ಇನ್ನು ಕೂದಲು. ಒಣ ಕೂದಲು ಕೊಳದ ನೀರನ್ನು ಹೀರಿಕೊಳ್ಳುತ್ತದೆ. ಮೊದಲೇ ನಲ್ಲಿ ನೀರಿನಲ್ಲಿ ಚೆನ್ನಾಗಿ ನೆನೆಸಿದರೆ ಅದು ಹೀರುವ ಕ್ಲೋರಿನ್ ನೀರು ಕಡಿಮೆ. ಒದ್ದೆ ಕೂದಲ ತುದಿಗಳಿಗೆ ಬೆರಳಲ್ಲಿ ಸವರುವಷ್ಟು ತೆಂಗಿನೆಣ್ಣೆ ಹಚ್ಚಿ, ಜಡೆ ಹೆಣೆದು, ಕ್ಯಾಪ್ ಹಾಕಿ. ಹಾಗೆಂದು ತಲೆತುಂಬ ಎಣ್ಣೆ ಸುರಿದುಕೊಂಡು ಇಳಿಯಬೇಡಿ, ಅದು ನೀರನ್ನು ಕೆಡಿಸುತ್ತದೆ. ಕ್ಯಾಪ್ ಹಾಕಿದರೂ ಕೂದಲು ಪೂರ್ತಿ ಒಣಗಿರುವುದಿಲ್ಲ, ಆದರೆ ನೀರಿನ ಹೊಡೆತವೂ ಸಿಕ್ಕುಗಳೂ ಬಹಳ ಕಡಿಮೆಯಾಗುತ್ತವೆ. ಸ್ಕಾರ್ಫ್ ಸೇರಿಕೊಂಡಿರುವ ಈಜುಡುಪು ಹಾಕುವವರೂ ಒಳಗೊಂದು ಕ್ಯಾಪ್ ಧರಿಸುವುದು ಒಳ್ಳೆಯದು.

ಹೊರಬಂದ ಮೇಲೆ ನಮ್ಮಲ್ಲಿ ಅನೇಕರು ಮಾಡುವ ಒಂದು ತಪ್ಪಿದೆ. ಸಂಜೆ ಈಜಿ, ಮಗ್‌ರಿಬ್ ಹೊತ್ತಾಯಿತೆಂದು ಅವಸರದಲ್ಲಿ ವುಝೂ ಮಾಡಿ, ಒದ್ದೆ ಕೂದಲ ಮೇಲೆಯೇ ಸ್ಕಾರ್ಫ್ ಸುತ್ತಿ ಹೊರಡುತ್ತಾರೆ. ಮುಖ, ಕೈ, ಕಾಲು ತೊಳೆದಾಯಿತು. ಆದರೆ ಬೆನ್ನು, ಹೊಟ್ಟೆ, ಕೂದಲ ಬುಡದಲ್ಲಿ ಕೊಳದ ನೀರು ಹಾಗೇ ಉಳಿಯುತ್ತದೆ. ಒದ್ದೆ ತಲೆಯನ್ನು ಗಂಟೆಗಟ್ಟಲೆ ಮುಚ್ಚಿಟ್ಟರೆ ವಾಸನೆ, ತುರಿಕೆ, ಹೊಟ್ಟು ಬರುತ್ತವೆ. ಬೈಗುಳ ಮಾತ್ರ ಕ್ಲೋರಿನ್‌ಗೆ! ಹತ್ತು ನಿಮಿಷ ಮೊದಲೇ ನೀರಿನಿಂದ ಹೊರಬನ್ನಿ. ಹೆಚ್ಚು ಬಿಸಿಯಲ್ಲದ ನೀರಿನಲ್ಲಿ ಪೂರ್ತಿ ಸ್ನಾನ ಮಾಡಿ. ಸೌಮ್ಯ ಶಾಂಪೂ, ಕೂದಲ ಉದ್ದಕ್ಕೆ ಸ್ವಲ್ಪ ಕಂಡೀಷನರ್ ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಕೂದಲು ಆರಿದ ಮೇಲೆ ಸ್ಕಾರ್ಫ್ ಹಾಕಿ.

ಚರ್ಮ ಒಣಗುವುದು ಅದರ ಸಹಜ ಜಿಡ್ಡನ್ನು ಕೊಳದ ನೀರು ತೊಳೆದುಬಿಡುವುದರಿಂದ. ಸ್ನಾನವಾದ ಕೂಡಲೇ, ಮೈ ಇನ್ನೂ ತುಸು ಹಸಿಯಿರುವಾಗಲೇ ಮಾಯಿಶ್ಚರೈಸರ್ ಅಥವಾ ತೆಂಗಿನೆಣ್ಣೆ ಸವರಿದರೆ ತೇವ ಒಳಗೇ ಉಳಿಯುತ್ತದೆ. ಕಣ್ಣಿಗೆ ಈಜು ಕನ್ನಡಕ ಇರಲಿ. ಇಸುಬು ಇರುವ ಮಕ್ಕಳ ವಿಷಯದಲ್ಲಿ, ಅಥವಾ ತುರಿಕೆ, ಕೆಂಪು ದದ್ದು ಕಡಿಮೆಯಾಗದಿದ್ದರೆ, ವೈದ್ಯರಿಗೆ ತೋರಿಸಿ.

ಮುಖ ಕಪ್ಪಾಗುವುದಕ್ಕೆ ಕ್ಲೋರಿನ್ ಕಾರಣವಲ್ಲ, ಬಿಸಿಲು ಕಾರಣ. ಬೆಳಗ್ಗೆ ಬೇಗ ಅಥವಾ ಸಂಜೆ ಈಜಿ. ಬಿಸಿಲಿಗೆ ಹೋಗುವ 15 ನಿಮಿಷ ಮೊದಲು, ನೀರಿಗೆ ಬೇಗ ಹೋಗದಂಥ ಸನ್‌ಸ್ಕ್ರೀನ್ ಹಚ್ಚಿ. ಅದಕ್ಕಿಂತ ಮುಖ್ಯವಾಗಿ, ಮಗಳ ಮೈಬಣ್ಣದ ಲೆಕ್ಕ ಹಾಕುವುದನ್ನು ಬಿಡಿ. ಬಿಸಿಲಿಗೆ ಬಂದ ಬಣ್ಣ ಕ್ರಮೇಣ ತಿಳಿಯಾಗುತ್ತದೆ. “ಕಪ್ಪಾದರೆ ಯಾರು ಮದುವೆಯಾಗುತ್ತಾರೆ” ಎಂಬ ಮಾತು ಮಗುವಿನ ಮನಸ್ಸಿನಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಉಡುಪಿನ ಬಗ್ಗೆಯೂ ಒಂದು ಮಾತು. ಮೈಮುಚ್ಚಬೇಕೆಂದು ಕೆಲವರು ಹತ್ತಿಯ ಚೂಡಿದಾರದಲ್ಲೇ ಮಕ್ಕಳನ್ನು ನೀರಿಗಿಳಿಸುತ್ತಾರೆ. ಇದು ಅಪಾಯ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ದುಪಟ್ಟಾ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಮುಚ್ಚುವ ಈಜುಡುಪುಗಳು ಈಗ ಸುಲಭವಾಗಿ ಸಿಗುತ್ತವೆ. ಬುರ್ಕಿನಿ ಎಂಬ ಹೆಸರಿನ ಉಡುಪನ್ನು ಆಸ್ಟ್ರೇಲಿಯಾದ ಅಹೇದಾ ಝಾನೆಟ್ಟಿ ಎಂಬ ಮಹಿಳೆ ರೂಪಿಸಿದ್ದು 2004ರಲ್ಲಿ, ಮುಸ್ಲಿಮ್ ಹುಡುಗಿಯರೂ ಆಟ, ಈಜುಗಳಲ್ಲಿ ಪಾಲ್ಗೊಳ್ಳಲಿ ಎಂಬ ಉದ್ದೇಶದಿಂದಲೇ.

ಇಂಥ ಉಡುಪು ಅಗ್ಗವಲ್ಲ. ಹಾಗಾಗಿ ಬಾಳಿಕೆ ನೋಡಿ ಕೊಳ್ಳಿ. ಹಿಗ್ಗುವ ಲೈಕ್ರಾ ಎಳೆಗಳನ್ನು ಕ್ಲೋರಿನ್ ಬೇಗ ಸಡಿಲಗೊಳಿಸುತ್ತದೆ. ಪಾಲಿಯೆಸ್ಟರ್ ಹೆಚ್ಚು ಕಾಲ ತಡೆಯುತ್ತದೆ. ಈಜು ಮುಗಿದ ಕೂಡಲೇ ಉಡುಪನ್ನು ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ. ಮನೆಯಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಹಾಕಿ. ಒದ್ದೆ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಮರುದಿನದವರೆಗೆ ಮರೆತುಬಿಟ್ಟರೆ ದುಬಾರಿ ಉಡುಪೂ ಬಣ್ಣ ಕಳೆದುಕೊಂಡು, ಮುಗ್ಗಲು ವಾಸನೆ ಹಿಡಿಯುತ್ತದೆ.

ಪೋಷಕರೇ, ನಾವು ಹೊಳೆ, ಕೆರೆ, ಬಾವಿ, ಕಡಲುಗಳ ನಡುವೆ ಬದುಕುವವರು. ಮಕ್ಕಳು ನೀರುಪಾಲಾದ ಸುದ್ದಿ ಓದಿ ಪ್ರತಿ ಮಳೆಗಾಲದಲ್ಲೂ ಮರುಗುತ್ತೇವೆ. ಕಾಲು ಜಾರಿದ ಹೊತ್ತಿನಲ್ಲಿ ಹೊಳೆ ಹುಡುಗ, ಹುಡುಗಿ ಎಂದು ನೋಡುವುದಿಲ್ಲ. ಆಗ ಕೆಲಸಕ್ಕೆ ಬರುವುದು ಕೂದಲ ಹೊಳಪಲ್ಲ, ಕಲಿತ ಈಜು. ಈಜುವ ಮಕ್ಕಳನ್ನೂ ನೀರಿನ ಬಳಿ ಒಂಟಿಯಾಗಿ ಬಿಡಬಾರದು ಎಂಬುದು ಬೇರೆ ಮಾತು.

ನಾದಿನಿಗೆ ಇದನ್ನೆಲ್ಲ ಹೇಳಿದೆ. “ಒಂದು ತಿಂಗಳು ನೋಡುತ್ತೇನೆ” ಎಂದಿದ್ದಾಳೆ. ಹುಡುಗಿಯ ಈಜಿನ ಚೀಲದಲ್ಲಿ ಈಗ ಒಂದು ಕ್ಯಾಪ್, ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ, ಒಂದು ಒಣ ಸ್ಕಾರ್ಫ್ ಇವೆ. ನಿಮ್ಮ ಮಗಳ ಚೀಲದಲ್ಲೂ ಇವಿಷ್ಟು ಇರಲಿ. ಅಣ್ಣನ ಚೀಲದಲ್ಲೂ ಕ್ಯಾಪ್, ಎಣ್ಣೆ ಇರಲಿ.