ಹೊತ್ತಿಗೆ ಸರಿಯಾದ ಊಟ

ಊಟವನ್ನು ಎಣಿಸುವುದಕ್ಕೆ ಕನ್ನಡಿಗರು ಬಳಸುವ ಮಾತು ಸ್ವಾರಸ್ಯವಾದದ್ದು. ಬಡವನ ಪಾಡನ್ನು ಹೇಳುವಾಗ ‘ಎರಡು ಹೊತ್ತಿನ ಊಟಕ್ಕೂ ಗತಿಯಿಲ್ಲ’ ಎನ್ನುತ್ತೇವೆ. ವ್ರತ ಹಿಡಿದವರು ‘ಒಪ್ಪೊತ್ತು’ ಇರುತ್ತಾರೆ. ಹಳಗನ್ನಡದ ‘ಪೊೞ್ತು’ ಇಂದಿನ ‘ಹೊತ್ತು’ ಆಗಿದೆ. ಅದಕ್ಕೆ ಕಾಲವೆಂಬ ಅರ್ಥವೂ ಉಂಟು, ಸೂರ್ಯನೆಂಬ ಅರ್ಥವೂ ಉಂಟು. ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ. ಊಟವನ್ನು ಅಳೆಯುವುದಕ್ಕೆ ಸೂರ್ಯನ ಹೆಸರನ್ನೇ ಇಟ್ಟುಕೊಂಡ ಜನ ನಾವು. ಜೈನ ಗೃಹಸ್ಥರು ರಾತ್ರಿಭೋಜನವನ್ನು ವರ್ಜಿಸಿದ್ದು ಅಹಿಂಸೆಯ ದೃಷ್ಟಿಯಿಂದ. ಆದರೂ ಆ ನಿಯಮದಿಂದ ದೇಹಕ್ಕೆ ಹಿತವುಂಟೆ ಎಂಬುದು ಈಗ ವಿಜ್ಞಾನವೂ ಕೇಳುತ್ತಿರುವ ಪ್ರಶ್ನೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಎಂದರೆ ಶಾಂತಿಸಾಗರದ, ಸುತ್ತಿನ ಹಳ್ಳಿಗಳನ್ನೇ ನೋಡೋಣ. ಹೊತ್ತಾರೆ ರೊಟ್ಟಿಯನ್ನೋ ಮುದ್ದೆಯನ್ನೋ ಉಂಡು ಹೊಲಕ್ಕೆ ನಡೆಯುವುದು, ನಡುಹಗಲು ಬುತ್ತಿ ಬಿಚ್ಚುವುದು, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಉಂಡು ಮಲಗುವುದು ಹಿರಿಯರ ದಿನಚರಿಯಾಗಿತ್ತು. ಇಂದು ಅದೇ ಮನೆಯ ಮಗ ಅಥವಾ ಮಗಳು ಒಂದು ಲೋಟ ಚಹಾ ಕುಡಿದು ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಾರೆ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ. ಸಂಜೆ ಬಸ್‌ನಿಲ್ದಾಣದ ಬಳಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಿನದ ದೊಡ್ಡ ಊಟ ನಡೆಯುವುದು ರಾತ್ರಿ ಹತ್ತರ ಸುಮಾರಿಗೆ, ಟಿ.ವಿ. ಧಾರಾವಾಹಿ ಮುಗಿದ ಮೇಲೆ. ಕೈ ತೊಳೆದೊಡನೆ ಹಾಸಿಗೆ. ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆ ಊಟದ ಲೆಕ್ಕವನ್ನು ಹೇಳಿತೇ ಹೊರತು ವೇಳೆಯನ್ನು ಹೇಳಲಿಲ್ಲ. ವೇಳೆ ತಪ್ಪೀತೆಂಬ ಶಂಕೆಯೇ ಅಂದಿನವರಿಗೆ ಇದ್ದಿರಲಾರದು.

ದೇಹದೊಳಗೆ ಒಂದು ಗಡಿಯಾರವಿದೆ ಎಂಬುದು ಈಗ ಅಲಂಕಾರದ ಮಾತಾಗಿ ಉಳಿದಿಲ್ಲ. ಹಣ್ಣಿನ ನೊಣದಲ್ಲಿ ಆ ಗಡಿಯಾರದ ಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಷ್, ಮೈಕೇಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಶಕ್ತಿ ನಮಗೆ ಬೆಳಗ್ಗೆ ಹೆಚ್ಚು, ರಾತ್ರಿ ಕಡಿಮೆ. ಬಾಸ್ಟನ್ನಿನ ಸಂಶೋಧಕರು ದಪ್ಪ ಮೈಯ 16 ಮಂದಿಗೆ ಅದೇ ಆಹಾರವನ್ನು ಒಮ್ಮೆ ಬೇಗನೆ, ಇನ್ನೊಮ್ಮೆ ಸುಮಾರು 4 ಗಂಟೆ ತಡವಾಗಿ ಕೊಟ್ಟು ನೋಡಿ, ಫಲವನ್ನು 2022ರಲ್ಲಿ ಪ್ರಕಟಿಸಿದರು. ತಡವಾಗಿ ಉಂಡಾಗ ಹಸಿವು ಹೆಚ್ಚಿತ್ತು. ದೇಹ ವ್ಯಯ ಮಾಡಿದ ಶಕ್ತಿ ಕಡಿಮೆಯಾಗಿತ್ತು.

ಆದರೆ ಇದನ್ನೇ ಮಂತ್ರವೆಂದು ಜಪಿಸುವವರ ಮಾತಿಗೆ ಮರುಳಾಗಬೇಕಾಗಿಲ್ಲ. ಅದೇ 2022ರಲ್ಲಿ ಚೀನಾದ ಗ್ವಾಂಗ್‌ಜೌ ನಗರದಿಂದ ಇನ್ನೊಂದು ವರದಿ ಬಂತು. ಅಲ್ಲಿ ಸ್ಥೂಲಕಾಯದ 139 ಮಂದಿ ಒಂದು ವರ್ಷ ಮಿತಾಹಾರದಲ್ಲಿದ್ದರು. ಅವರಲ್ಲಿ ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಣ್ಣುತ್ತಿತ್ತು. ಎರಡೂ ಗುಂಪಿನವರ ತೂಕ ಇಳಿಯಿತು. ಅವುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಆದ್ದರಿಂದ ಎಷ್ಟು ಉಂಡೆವು ಎಂಬ ಪ್ರಶ್ನೆಯನ್ನು ಯಾವಾಗ ಉಂಡೆವು ಎಂಬ ಪ್ರಶ್ನೆ ಅಳಿಸಿಹಾಕಲಾರದು. ಕೆರೆಯ ಕೆಳಗಿನ ರೈತರಿಗೆ ಈ ವಿವೇಕ ಹೊಸದಲ್ಲ. ತೂಬಿನಿಂದ ಎಷ್ಟು ನೀರು ಬಂತೆಂಬುದನ್ನೂ ಯಾವಾಗ ಬಂತೆಂಬುದನ್ನೂ ಅವರು ಒಟ್ಟಿಗೇ ನೋಡುತ್ತಾರೆ. ತೆನೆ ಕಟ್ಟುವಾಗ ಸಿಗದ ನೀರು ಕೊಯ್ಲಿನ ವೇಳೆಗೆ ಹರಿದುಬಂದು ಫಲವೇನು?

ಇಲ್ಲಿಂದ ಮುಂದಿನ ಮಾತನ್ನು ಆರೋಗ್ಯೋಪದೇಶಕರು ಸಾಮಾನ್ಯವಾಗಿ ಆಡುವುದಿಲ್ಲ. ಬೇಗ ಉಣ್ಣಿರಿ ಎಂದು ಹೇಳುವುದು ಸುಲಭ. ಆದರೆ ಉಣ್ಣುವ ಹೊತ್ತು ಎಲ್ಲರ ಕೈಯಲ್ಲಿಲ್ಲ. ಅಡಿಕೆಯ ಸುಗ್ಗಿಯಲ್ಲಿ ಸುಲಿಯುವ ಹೆಂಗಸರು ರಾಶಿ ಮುಗಿಯುವವರೆಗೆ ಏಳುವಂತಿಲ್ಲ. ಪಂಪ್‌ಸೆಟ್ಟಿನ ಕರೆಂಟು ರಾತ್ರಿಯ ಪಾಳಿಯಲ್ಲಿ ಬಂದರೆ ರೈತ ಟಾರ್ಚು ಹಿಡಿದು ತೋಟಕ್ಕೆ ಹೋಗಲೇಬೇಕು. ಇಂಥವರಿಗೆ ಸೂರ್ಯಾಸ್ತದೊಳಗೆ ಊಟ ಮುಗಿಸಿರೆಂದು ಬೋಧಿಸುವುದು ನಿಷ್ಕರುಣೆಯಾದೀತು. ವಿದ್ಯಾರ್ಥಿಯ ಬರಿಹೊಟ್ಟೆಯೂ ಅಷ್ಟೆ. ಅದಕ್ಕೆ ಸೋಮಾರಿತನ ಎಷ್ಟು ಕಾರಣವೋ ಬಸ್ಸಿನ ವೇಳೆಯೂ ಅಷ್ಟೇ ಕಾರಣ.

ಮಕ್ಕಳ ವಿಷಯದಲ್ಲಿ ಸರ್ಕಾರ ಇದನ್ನು ಒಪ್ಪಿಕೊಂಡಿದೆ. ಶಾಲೆಗಳಲ್ಲಿ ಬಿಸಿಯೂಟವಿದೆ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಿಂದ ಹಾಲೂ ದೊರೆಯುತ್ತದೆ. ಹತ್ತನೆಯ ತರಗತಿ ದಾಟಿದೊಡನೆ ಹಸಿವು ಖಾಸಗಿ ವಿಷಯವಾಗಿಬಿಡುತ್ತದೆ. ಕಾಲೇಜುಗಳು ಮೊದಲನೆಯ ಪಾಠದ ಬಳಿಕ ಇಪ್ಪತ್ತು ನಿಮಿಷದ ಬಿಡುವನ್ನೂ, ಕಡಿಮೆ ಬೆಲೆಗೆ ಒಂದು ತಟ್ಟೆ ಉಪ್ಪಿಟ್ಟನ್ನೂ ಏರ್ಪಡಿಸುವುದು ಅಸಾಧ್ಯವೇನಲ್ಲ. ಪಂಪ್‌ಸೆಟ್ಟಿಗೆ ಹಗಲಿನಲ್ಲೇ ಕರೆಂಟು ಬೇಕೆಂಬ ರೈತರ ಬೇಡಿಕೆಯನ್ನು ಆರೋಗ್ಯದ ಬೇಡಿಕೆಯೆಂದೂ ಎಣಿಸಬೇಕು. ಇನ್ನು ವೇಳೆ ತಮ್ಮ ಕೈಯಲ್ಲೇ ಇರುವ ಸಂಬಳದವರು, ಅಧ್ಯಾಪಕರಾದ ನಾವೂ ಸೇರಿ, ರಾತ್ರಿಯ ಊಟವನ್ನು ಎರಡು ಗಂಟೆ ಹಿಂದಕ್ಕೆ ತಂದು, ಎಲೆಯ ಭಾರವನ್ನು ಹಗಲಿಗೆ ವರ್ಗಾಯಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಟಿ.ವಿ. ಧಾರಾವಾಹಿ ಊಟವಾದ ಮೇಲೂ ನೋಡಲು ಸಿಗುತ್ತದೆ.