ಕಿರುವಾಹನ ನಿರ್ಮಾಣ: ಆಟವೋ, ವಿದ್ಯೆಯೋ?

ವ್ಯಾಕರಣ, ಛಂದಸ್ಸು, ಕಾವ್ಯಗಳ ಪಾಠದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಕನ್ನಡ ಪಂಡಿತನೊಬ್ಬನು ಕಾರು, ಲಾರಿಗಳ ಕಿರುಪ್ರತಿಕೃತಿಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ಮುಗುಳ್ನಗಬಹುದು. ಆದರೆ ಸ್ಮರಣ ಸಂಚಿಕೆಯಲ್ಲಿ ಸಾಧನೆಗಳನ್ನು ನೆನೆಯುವಂತೆ ಪ್ರಮಾದಗಳನ್ನೂ ನೆನೆಯಬೇಕೆಂಬುದು ನನ್ನ ನಂಬಿಕೆ. ನನ್ನದೊಂದು ಪ್ರಮಾದವೇ ಈ ಲೇಖನಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಪದ್ಯಪಾಠ ನಡೆದಿತ್ತು. ಹಿಂದಿನ ಬೆಂಚಿನ ಬಾಲಕನೊಬ್ಬನು ತಲೆ ತಗ್ಗಿಸಿ ಡೆಸ್ಕಿನ ಕೆಳಗೆ ಏನನ್ನೋ ಮಾಡುತ್ತ ಕುಳಿತಿದ್ದನು. ಹೋಗಿ ನೋಡಿದರೆ ಗೇಣುದ್ದದ ಲಾರಿ! ರಟ್ಟಿನ ಮೈ, ಡಬ್ಬದ ತಗಡಿನ ಬಂಪರು, ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಗಾಲಿಗಳು. ಅವನ ತಂದೆ ಲಾರಿಯ ಚಾಲಕರು. ನಾನು ಕೋಪದಿಂದ ಅದನ್ನು ಕಸಿದುಕೊಂಡು ಅಧ್ಯಾಪಕರ ಕೊಠಡಿಯ ಬೀರುವಿನ ಮೇಲೆ ಇರಿಸಿದೆನು, ಇರಿಸಿ ಮರೆತೆನು. ಪರೀಕ್ಷೆ ಮುಗಿದಾಗ ಅದರ ಮೇಲೆ ಉತ್ತರಪತ್ರಿಕೆಗಳ ಕಟ್ಟುಗಳು ಬಿದ್ದವು. ಬೇಸಿಗೆಯ ರಜೆ ಕಳೆದು ಕಟ್ಟುಗಳನ್ನು ಇಳಿಸಿದಾಗ ಲಾರಿ ಅಪ್ಪಚ್ಚಿಯಾಗಿತ್ತು. ಬಾಲಕನು ಆ ವೇಳೆಗೆ ಬೇರೆ ಊರಿನ ಶಾಲೆಯನ್ನು ಸೇರಿದ್ದನು. ಅವನು ಒಮ್ಮೆಯೂ ಅದನ್ನು ಹಿಂದಕ್ಕೆ ಕೇಳಿರಲಿಲ್ಲ.

ಆಗಲೇ ನಾನು ಅದನ್ನು ಮೊದಲ ಬಾರಿಗೆ ನಿಟ್ಟಿಸಿ ನೋಡಿದ್ದು. ಹಿಂಬದಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ‘ಹಾರ್ನ್ ಮಾಡಿ’ ಎಂದು ಕಡ್ಡಿಯ ತುದಿಯಿಂದ ಬರೆದಿದ್ದನು. ಅರ್ಕಾವತ್ತು ತನ್ನ ಸ್ಥಾನದಲ್ಲಿ ಸರಿಯಾಗಿ ಕುಳಿತಿತ್ತು! ‘ಧರ್ಮ’, ‘ಕಾರ್ಯ’ ಮೊದಲಾದ ಪದಗಳಲ್ಲಿ ನಿತ್ಯವೂ ಅರ್ಕಾವತ್ತನ್ನು ತಪ್ಪುತ್ತಿದ್ದ ಹುಡುಗನೇ ಅವನು. ವರ್ಷವಿಡೀ ಕೆಂಪು ಶಾಯಿಯಿಂದ ನಾನು ತಿದ್ದಲಾರದುದನ್ನು ಆ ರಟ್ಟಿನ ಲಾರಿ ತಿದ್ದಿತ್ತು. ಇದ್ದುದನ್ನು ಇದ್ದಂತೆಯೇ ಮಾಡಬೇಕೆಂಬ ಹಟವಿದ್ದಾಗ ಮನುಷ್ಯನು ವಸ್ತುವನ್ನು ನೋಡುತ್ತಾನೆ. ಅದಿಲ್ಲದಿದ್ದಾಗ ಸುಮ್ಮನೆ ಕಣ್ಣು ಹಾಯಿಸುತ್ತಾನೆ. ನೋಡುವುದನ್ನು ಕಲಿಸುವ ಸಾಧನವನ್ನು ವಿದ್ಯೆಯಲ್ಲವೆಂದು ಹೇಗೆ ಹೇಳೋಣ?

ಆ ಬಳಿಕ ಈ ಕಲೆಯ ವಿಚಾರವನ್ನು ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡೆನು. ಇದರ ಮೂಲತತ್ತ್ವ ಪ್ರಮಾಣ. ಹವ್ಯಾಸಿಗಳಲ್ಲಿ ಬಹು ಬಳಕೆಯಲ್ಲಿರುವ ಒಂದು ಪ್ರಮಾಣ 1:24. ಎಂದರೆ ಒಂದು ಅಡಿಗೆ ಅರ್ಧ ಅಂಗುಲ. 4.32 ಮೀಟರ್ ಉದ್ದದ ಕಾರು ಇಲ್ಲಿ 18 ಸೆಂಟಿಮೀಟರ್ ಆಗುತ್ತದೆ. ಪ್ರತಿಕೃತಿಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ನಿಜವಾದ ವಾಹನದಲ್ಲಿ 12 ಮಿಲಿಮೀಟರ್ ತಪ್ಪಿದಂತೆ. ಕಂದಪದ್ಯದ ಮೊದಲ ಪಾದಕ್ಕೆ 12 ಮಾತ್ರೆ, ಎರಡನೆಯದಕ್ಕೆ 20. ಒಂದೇ ಒಂದು ಮಾತ್ರೆ ಹೆಚ್ಚಿದರೂ ಪದ್ಯ ಕುಂಟುತ್ತದೆ. ಈ ಶಿಸ್ತು ಆ ಶಿಸ್ತಿಗೆ ದೂರದ್ದೇನಲ್ಲ.

ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಜೋಡಿಸುವ ಅಂಟು ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ. ಹನಿಯಷ್ಟು ಹೆಚ್ಚಾದರೂ ವಾಹನದ ಮೈಯನ್ನೇ ತಿನ್ನುತ್ತದೆ. ಬಣ್ಣವನ್ನು ತೆಳುವಾದ ಪದರುಗಳಲ್ಲಿ, ಒಂದು ಒಣಗಿದ ಬಳಿಕ ಮತ್ತೊಂದರಂತೆ ಹಚ್ಚಬೇಕು. ದಪ್ಪವಾಗಿ ಬಳಿದರೆ ಬಾಗಿಲುಗಳ ಸಂದುಗಳೇ ಮುಚ್ಚಿಹೋಗುತ್ತವೆ; ಒಣಗುವ ಮುನ್ನ ಮುಟ್ಟಿದರೆ ಅವಸರಗಾರನ ಬೆರಳಚ್ಚು ಶಾಶ್ವತವಾಗಿ ಉಳಿಯುತ್ತದೆ. ಲಾರಿಯಾದರೆ ಅದು ದುಡಿದಂತೆ ಕಾಣಬೇಕು. ಗಾಲಿಗಳ ಹಿಂದೆ ಕೆಸರಿನ ಎರಚಲು, ಸರಕು ಉಜ್ಜಿದ ಕಡೆ ಬಣ್ಣ ಹೋದ ಗೀರು, ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಎಣ್ಣೆಯ ಕಲೆ, ಹೊಗೆಯ ಕೊಳವೆಯ ಬಾಯಲ್ಲಿ ಮಸಿ. ತುಕ್ಕನ್ನು ಎಲ್ಲೆಂದರಲ್ಲಿ ಬಳಿಯುವಂತಿಲ್ಲ. ನೀರು ನಿಲ್ಲುವೆಡೆ, ಬಣ್ಣ ಎದ್ದ ಅಂಚಿನಲ್ಲಿ ಮಾತ್ರ ಅದಕ್ಕೆ ಸ್ಥಾನ. ನಮ್ಮ ಅಲಂಕಾರಶಾಸ್ತ್ರಜ್ಞರು ಔಚಿತ್ಯವೆಂದು ಕರೆದುದು ಇದನ್ನೇ ಅಲ್ಲವೇ?

ಅಮೆರಿಕ ದೇಶದ ಒಂದು ನಿದರ್ಶನವನ್ನು ಇಲ್ಲಿ ಉಲ್ಲೇಖಿಸುವುದು ಉಚಿತ. ಜನರಲ್ ಮೋಟಾರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗವು 1930ರಲ್ಲಿ ಬಾಲಕರಿಗಾಗಿ ‘ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಸ್ಪರ್ಧೆಯನ್ನು ಆರಂಭಿಸಿತು. ತನ್ನ ಲಾಂಛನವಾಗಿದ್ದ ನೆಪೋಲಿಯನ್ ಕಾಲದ ಸಾರೋಟನ್ನು ನಕ್ಷೆಯಂತೆ ಕಿರಿದಾಗಿ ನಿರ್ಮಿಸುವುದು ಮೊದಲ ಪರೀಕ್ಷೆ; ಮುಂದೆ ಸ್ವಕಲ್ಪನೆಯ ಕಾರನ್ನು 1:12 ಪ್ರಮಾಣದಲ್ಲಿ ರೂಪಿಸುವ ಸ್ಪರ್ಧೆಯೂ ಸೇರಿತು. ಗೆದ್ದವರಿಗೆ ವಿದ್ಯಾರ್ಥಿವೇತನ ದೊರೆಯುತ್ತಿತ್ತು. 1947ರಲ್ಲಿ ಹಾಗೆ ಗೆದ್ದ ಚಕ್ ಜೋರ್ಡನ್ ಎಂಬ ತರುಣನು 1986ರಲ್ಲಿ ಅದೇ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಉಪಾಧ್ಯಕ್ಷನಾದನು. ಮೊದಲು ನಿಷ್ಠೆಯ ಅನುಕರಣ, ಅನಂತರ ಸ್ವಂತ ಕಲ್ಪನೆ ಎಂಬ ಕ್ರಮ ಮೆಚ್ಚತಕ್ಕದ್ದು. 1968ರಲ್ಲಿ ನಿಂತುಹೋದ ಆ ಸ್ಪರ್ಧೆಗೆ ಬಾಲಕಿಯರಿಗೆ ಪ್ರವೇಶವಿರಲಿಲ್ಲ. ಆ ಲೋಪ ನಮ್ಮಲ್ಲಿ ಬೇಡ.

ಇದು ಹಣವಂತರ ಹವ್ಯಾಸವೆಂದು ಕೆಲವರು ಆಕ್ಷೇಪಿಸಬಹುದು. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಭಾಗಗಳಿಗೆ ಬೆಲೆ ಹೆಚ್ಚೆಂಬುದು ನಿಜ. ಆದರೆ ರಟ್ಟು, ತಗಡು, ಹಳೆಯ ಚಪ್ಪಲಿಗಳಿಗೆ ಬೆಲೆಯೆಲ್ಲಿ? ಅಂಕಗಳಿಗೆ ಇದರಿಂದ ಹಾನಿಯೆಂದು ಪೋಷಕರು ಅಂಜಬಹುದು. ಇಂದು ಮಕ್ಕಳ ಸಮಯವನ್ನು ಕಸಿಯುತ್ತಿರುವುದು ಮೊಬೈಲಿನ ಪರದೆಯೇ ಹೊರತು ಕತ್ತರಿಯೂ ಅಳತೆಪಟ್ಟಿಯೂ ಅಲ್ಲ. ಆ ಪರದೆಯ ಮೇಲೆ ಸಾವಿರ ವಾಹನಗಳು ಓಡುತ್ತವೆ. ಅವುಗಳಲ್ಲಿ ಒಂದರ ಅಚ್ಚು ಎಲ್ಲಿದೆಯೆಂಬುದೂ ಮಗುವಿಗೆ ತಿಳಿಯುವುದಿಲ್ಲ. ಹಾಗೆಂದು ಪದ್ಯಪಾಠದ ವೇಳೆಯಲ್ಲಿ ಲಾರಿ ಕಟ್ಟಲಿ ಎಂಬುದು ನನ್ನ ವಾದವಲ್ಲ. ಇಂದಾದರೂ ನಾನು ಅದನ್ನು ಕೈಗೆ ತೆಗೆದುಕೊಳ್ಳುವೆನು. ಆದರೆ ಗಂಟೆ ಬಾರಿಸಿದೊಡನೆ ಹಿಂದಕ್ಕೆ ಕೊಟ್ಟು, ಹೇಗೆ ಮಾಡಿದೆಯೆಂದು ಕೇಳುವೆನು.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಮ್ರ ಬಿನ್ನಹವಿಷ್ಟೆ: ಶನಿವಾರದ ಒಂದು ಅವಧಿಯನ್ನು ಇಂತಹ ಕೈಕೆಲಸಕ್ಕೆ ಮೀಸಲಿಡಲಿ. ಪ್ರಮಾಣವನ್ನು ಗಣಿತದ ಅಧ್ಯಾಪಕರೂ ಬಣ್ಣವನ್ನು ಚಿತ್ರಕಲೆಯ ಅಧ್ಯಾಪಕರೂ ಕಲಿಸಲಿ. ಮಾಡಿದುದನ್ನು ಅಳತೆಗಳ ಸಹಿತ ಶುದ್ಧ ಕನ್ನಡದಲ್ಲಿ ಬರೆಸುವ ಹೊಣೆ ನನ್ನದು. ವಾರ್ಷಿಕ ಪ್ರದರ್ಶನದಲ್ಲಿ ಇವಕ್ಕೊಂದು ಮೇಜು ಸಲ್ಲಲಿ.

ಜಜ್ಜಿದ ಆ ಲಾರಿ ಈಗ ನನ್ನ ಮನೆಯ ಪುಸ್ತಕದ ಕಪಾಟಿನಲ್ಲಿದೆ. ಅದನ್ನು ನೆಟ್ಟಗೆ ಮಾಡಲು ಹಲವು ಬಾರಿ ಯತ್ನಿಸಿದೆನು. ನನ್ನ ಕೈಗೆ ಆ ವಿದ್ಯೆ ಬಾರದು. ಈ ಸಂಚಿಕೆ ಆ ವಿದ್ಯಾರ್ಥಿಯ ಕೈಸೇರಿದರೆ ಅವನು ಬಂದು ತನ್ನ ವಸ್ತುವನ್ನು ತೆಗೆದುಕೊಂಡು ಹೋಗಲಿ. ಸಾಧ್ಯವಾದರೆ ಅರ್ಧ ದಿನ ನಿಂತು, ರಟ್ಟನ್ನು ಹೇಗೆ ಮಡಿಸಬೇಕೆಂಬುದನ್ನು ಈ ಮುದಿ ಮೇಷ್ಟರಿಗೂ ಕಲಿಸಲಿ.