ಚಿಕ್ಕ ಯಂತ್ರನೌಕೆಯೂ ಮಹಾಸಾಗರದ ಲೆಕ್ಕವೂ

ಸಮುದ್ರೋಲ್ಲಂಘನವೆಂದೊಡನೆ ನಮ್ಮ ಮನಸ್ಸು ಸಾಹಸದ ಕಡೆಗೇ ಓಡುವುದು. ಬೆಟ್ಟದಂತಹ ಅಲೆಗಳು, ಬಿರುಗಾಳಿ, ಚುಕ್ಕಾಣಿಯನ್ನು ಬಿಡದೆ ಹಿಡಿದು ನಿಂತ ಧೀರನು, ಇವೇ ಕಣ್ಣಿಗೆ ಕಟ್ಟುವುವು. ಆದರೆ ಚಿಕ್ಕ ಯಂತ್ರನೌಕೆಗಳಲ್ಲಿ ಮಹಾಸಾಗರವನ್ನು ದಾಟಿದವರ ವೃತ್ತಾಂತಗಳನ್ನು ಓದಿದರೆ, ಅವರನ್ನು ದಡ ಸೇರಿಸುವುದರಲ್ಲಿ ಧೈರ್ಯಕ್ಕಿಂತಲೂ ಲೆಕ್ಕದ ಪಾಲು ದೊಡ್ಡದೆಂದು ತಿಳಿದುಬರುವುದು. ನಮ್ಮ ಗೃಹಿಣಿಯರು ತಿಂಗಳ ಮೊದಲಿನಲ್ಲಿ ಅಕ್ಕಿಯ ಡಬ್ಬವನ್ನು ಬಗ್ಗಿ ನೋಡಿ ಮನಸ್ಸಿನಲ್ಲಿಯೇ ಹಾಕುವ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದೆ ಇಡುವೆನು.

ಹಾಯಿಯ ಹಡಗಿಗೆ ಗಾಳಿಯೇ ಆಹಾರ. ಗಾಳಿ ನಿಂತರೆ ಹಡಗು ನಿಲ್ಲುವುದು. ಬೀಸಿದರೆ ಮತ್ತೆ ಹೊರಡುವುದು. ಯಂತ್ರನೌಕೆಗಾದರೋ ಹೊರಡುವಾಗ ತುಂಬಿಕೊಂಡ ಎಣ್ಣೆಯೇ ಸರ್ವಸ್ವವು. ನಡುಗಡಲಿನಲ್ಲಿ ಅಂಗಡಿಯೂ ಇಲ್ಲ, ಕೈಕಡ ಕೊಡಲು ನೆರೆಮನೆಯೂ ಇಲ್ಲ.

ಈ ಮಾರ್ಗವನ್ನು ಮೊದಲು ತುಳಿದವರಲ್ಲಿ ಒಬ್ಬ ತಂದೆಯೂ ಮಗನೂ ಸ್ಮರಣೀಯರು. 1902ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕ್ಯಾಪ್ಟನ್ ವಿಲಿಯಂ ನ್ಯೂಮನ್ ಎಂಬವರು ಹದಿನಾರು ವರ್ಷದ ಮಗನೊಡನೆ ‘ಅಬೀಲ್ ಅಬಟ್ ಲೋ’ ಎಂಬ 38 ಅಡಿ ಉದ್ದದ ನೌಕೆಯನ್ನೇರಿ ನ್ಯೂಯಾರ್ಕಿನಿಂದ ಹೊರಟರು. ಅದರ ಯಂತ್ರವು ಸೀಮೆಎಣ್ಣೆಯಿಂದ ನಡೆಯುವಂತಹುದು. ದಾರಿಯಲ್ಲಿ ಎಣ್ಣೆಯ ತೊಟ್ಟಿಗಳು ಸೋರತೊಡಗಿ ನೌಕೆಯೊಳಗೆಲ್ಲ ಸೀಮೆಎಣ್ಣೆಯು ಹರಡಿತು. ಹಾಗಿದ್ದರೂ ಐದು ವಾರಗಳಿಗೆ ಸ್ವಲ್ಪ ಮೇಲ್ಪಟ್ಟ ಕಾಲದಲ್ಲಿ ಅವರು ಇಂಗ್ಲೆಂಡಿನ ಫಾಲ್ಮತ್ ಬಂದರನ್ನು ಮುಟ್ಟಿದರು. 1912ರಲ್ಲಿ ಥಾಮಸ್ ಫ್ಲೆಮಿಂಗ್ ಡೇ ಎಂಬ ಪತ್ರಿಕಾ ಸಂಪಾದಕರು ‘ಡೆಟ್ರಾಯಿಟ್’ ಎಂಬ 35 ಅಡಿಯ ನೌಕೆಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್‌ವರೆಗೂ ಹೋದರು. 1936ರಲ್ಲಿ ಮಾರೆನ್ ಮಾರಿ ಎಂಬ ಫ್ರೆಂಚ್ ಚಿತ್ರಕಾರರು ‘ಆರಿಯೆಲ್’ ಎಂಬ ಡೀಸೆಲ್ ನೌಕೆಯಲ್ಲಿ ಒಬ್ಬರೇ ಕುಳಿತು ನ್ಯೂಯಾರ್ಕಿನಿಂದ ಫ್ರಾನ್ಸಿಗೆ ಮೂರು ವಾರಗಳೊಳಗೆ ಬಂದರು.

ಇವರೆಲ್ಲರ ಅನುಭವವನ್ನು ಒಂದು ಶಾಸ್ತ್ರದ ರೂಪಕ್ಕೆ ತಂದವರು ಅಮೆರಿಕದ ನೌಕಾಪಡೆಯಲ್ಲಿ ವೈಮಾನಿಕರಾಗಿದ್ದ ರಾಬರ್ಟ್ ಬೀಬಿ ಎಂಬವರು. ಅವರು ‘ಪ್ಯಾಸೇಜ್‌ಮೇಕರ್’ ಎಂಬ 50 ಅಡಿಯ ನೌಕೆಯನ್ನು ಸಿಂಗಪುರದಲ್ಲಿ ಕಟ್ಟಿಸಿ, 1963ರಲ್ಲಿ ಹಿಂದೂ ಮಹಾಸಾಗರ, ನಮ್ಮ ಪಶ್ಚಿಮ ಸಮುದ್ರ, ಕೆಂಪು ಸಮುದ್ರ, ಸೂಯೆಜ್ ಕಾಲುವೆ ಇವುಗಳ ಮಾರ್ಗವಾಗಿ ಗ್ರೀಸ್ ದೇಶಕ್ಕೆ ನಡೆಸಿಕೊಂಡು ಹೋದರು. ಇಂತಹ ಯಾನದ ಕ್ರಮವನ್ನು ವಿವರಿಸುವ ಅವರ ಗ್ರಂಥವು 1975ರಲ್ಲಿ ಪ್ರಕಟವಾಯಿತು.

ಈಗ ಲೆಕ್ಕಕ್ಕೆ ಬರೋಣ. ನೌಕೆಯು ಮುಂದುವರಿಯುವಾಗ ತನ್ನದೇ ಒಂದು ಅಲೆಯನ್ನು ಎಬ್ಬಿಸುವುದಷ್ಟೆ. ವೇಗ ಹೆಚ್ಚಿದಂತೆಲ್ಲ ಆ ಅಲೆಯೂ ಉದ್ದವಾಗುತ್ತ ಹೋಗಿ, ಕೊನೆಗೆ ನೌಕೆಯಷ್ಟೇ ಉದ್ದವಾಗುವುದು. ಅಲ್ಲಿಂದ ಮುಂದೆ ನೌಕೆಯು ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತಬೇಕಾಗಿ ಬರುವುದು. ನೀರಿನ ಮಟ್ಟದಲ್ಲಿ ನೌಕೆಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಈ ಮೇರೆಯು ದೊರೆಯುವುದು. ಉದ್ದವು 36 ಅಡಿಯಾದರೆ ವರ್ಗಮೂಲ 6. ಮೇರೆಯು ಗಂಟೆಗೆ ಸುಮಾರು 8 ನಾವಿಕ ಮೈಲಿ. ಒಂದು ನಾವಿಕ ಮೈಲಿಯೆಂದರೆ 1,852 ಮೀಟರು.

ಇಲ್ಲಿ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಬರೆದಿಡತಕ್ಕ ಒಂದು ನಿಯಮವುಂಟು. ಯಂತ್ರಕ್ಕೆ ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನದಂತೆ ಏರುವುದು. ಪ್ರತಿ ಮೈಲಿಗೆ ತಗಲುವ ಎಣ್ಣೆಯು ವೇಗದ ವರ್ಗದಂತೆ ಏರುವುದು. ಬರ್ಮುಡ ದ್ವೀಪದಿಂದ ಅಜೋರ್ಸ್ ದ್ವೀಪಗಳಿಗೆ ಸುಮಾರು 1,800 ಮೈಲಿ; ಅಮೆರಿಕದಿಂದ ಯೂರೋಪಿಗೆ ಚಿಕ್ಕ ನೌಕೆಗಳು ಹೋಗುವ ದಾರಿಯಲ್ಲಿ ಅತಿ ದೀರ್ಘವಾದ ಘಟ್ಟ ಇದೇ. ನಮ್ಮ 36 ಅಡಿಯ ನೌಕೆಯು ಗಂಟೆಗೆ 6 ಮೈಲಿ ನಡೆಯುವಾಗ ಮೈಲಿಗೆ ಒಂದು ಲೀಟರು ಎಣ್ಣೆಯನ್ನು ಕುಡಿಯುವುದೆಂದೂ, ತೊಟ್ಟಿಯಲ್ಲಿ 2,400 ಲೀಟರು ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ಪ್ರಯಾಣಕ್ಕೆ ಹನ್ನೆರಡೂವರೆ ದಿನ. 1,800 ಲೀಟರು ಖರ್ಚು. 600 ಲೀಟರು ಕೈಯಲ್ಲಿ ಉಳಿಯುವುದು. ಅದೇ ನೌಕೆಯನ್ನು 8 ಮೈಲಿಯ ವೇಗದಲ್ಲಿ ಓಡಿಸಿದರೆ ಮೂರು ದಿನ ಉಳಿಯುವುದು ನಿಜ. ಆದರೆ 3,200 ಲೀಟರು ಬೇಕು. ತೊಟ್ಟಿಯು 1,350ನೆಯ ಮೈಲಿಯಲ್ಲಿ ಬರಿದಾಗುವುದು. ಮುಂದಿನ 450 ಮೈಲಿಗೆ ಗತಿಯೇನು?

ಅವಸರಗಾರನು ಅರ್ಧದಾರಿಯಲ್ಲಿ ಎಚ್ಚೆತ್ತನೆಂದು ಭಾವಿಸಿರಿ. 900 ಮೈಲಿಗೆ 1,600 ಲೀಟರು ಹೋಗಿದೆ, ಉಳಿದುದು 800. ವೇಗವನ್ನು 6ಕ್ಕೆ ಇಳಿಸಿದರೂ ಉಳಿದ 900 ಮೈಲಿಗೆ 900 ಲೀಟರು ಬೇಕು. ಇನ್ನೂ ಸಾಲದು. 5ಕ್ಕೆ ಇಳಿಸಿದರೆ ಮಾತ್ರ ಸುಮಾರು 625 ಲೀಟರಿನಲ್ಲಿ, ಏಳೂವರೆ ದಿನಗಳಲ್ಲಿ, ದಡ ಸೇರಬಹುದು. ನಿಧಾನವೇ ಪ್ರಧಾನವೆಂಬ ಗಾದೆಯು ಇಲ್ಲಿ ಕೇವಲ ಬುದ್ಧಿವಾದವಲ್ಲ, ಪ್ರಾಣರಕ್ಷಣೆಯ ಸೂತ್ರವು. ಇವು ಸ್ಥೂಲ ಸಂಖ್ಯೆಗಳು. ಮೇರೆಯನ್ನು ಸಮೀಪಿಸಿದಂತೆ ಖರ್ಚು ಇದಕ್ಕಿಂತಲೂ ಬೇಗನೆ ಏರುವುದು. ಆದುದರಿಂದ ಪ್ರತಿಯೊಬ್ಬನೂ ಹೊರಡುವುದಕ್ಕೆ ಮೊದಲೇ ತನ್ನ ನೌಕೆಯನ್ನು ಬೇರೆ ಬೇರೆ ವೇಗಗಳಲ್ಲಿ ನಡೆಸಿ ಅಳೆದು ನೋಡತಕ್ಕದ್ದು.

ಬೀಬಿಯವರು ವಿಮಾನಚಾಲಕರ ಒಂದು ಪದ್ಧತಿಯನ್ನು ನೌಕೆಗೆ ತಂದರು. ಕಾಗದದ ಮೇಲೆ ದೂರವನ್ನು ಅಡ್ಡಲಾಗಿಯೂ ಎಣ್ಣೆಯನ್ನು ಉದ್ದಲಾಗಿಯೂ ಗುರುತಿಸಿ, ತುಂಬಿದ ತೊಟ್ಟಿಯಿಂದ ಗಮ್ಯಸ್ಥಾನದಲ್ಲಿ ಉಳಿಯಬೇಕಾದ ಎಣ್ಣೆಯವರೆಗೆ ಒಂದು ಗೆರೆಯನ್ನೆಳೆಯುವುದು. ಪ್ರತಿದಿನವೂ ಉಳಿದಿರುವ ಎಣ್ಣೆಯನ್ನು ಅಳೆದು ಒಂದು ಚುಕ್ಕೆಯನ್ನಿಡುವುದು. ಚುಕ್ಕೆಯು ಗೆರೆಯ ಮೇಲಿದ್ದರೆ ಕ್ಷೇಮ. ಕೆಳಗೆ ಬಿದ್ದರೆ ಅಂದೇ ವೇಗವನ್ನು ತಗ್ಗಿಸಬೇಕು. ಎದುರುಗಾಳಿಯೋ ಎದುರುಪ್ರವಾಹವೋ ಎಣ್ಣೆಯನ್ನು ಕದಿಯುತ್ತಿದ್ದರೆ ಮೊದಲು ಹೇಳುವುದು ಈ ಚುಕ್ಕೆಯೇ.

ಎಣ್ಣೆಯ ಪ್ರಮಾಣದಂತೆ ಅದರ ಶುದ್ಧಿಯೂ ಮುಖ್ಯವು. ಬಂದರಿನಲ್ಲಿ ತೊಟ್ಟಿಯ ತಳದಲ್ಲಿ ಸುಮ್ಮನೆ ಕುಳಿತಿದ್ದ ಕೊಳೆಯು ಅಲೆಗಳ ಹೊಯ್ದಾಟದಿಂದ ಮೇಲೆದ್ದು ಶೋಧಕವನ್ನು ಕಟ್ಟಿಬಿಡುವುದು. ಯಂತ್ರವು ಉಸಿರುಕಟ್ಟಿದಂತೆ ನಿಂತುಹೋಗುವುದು. ಇದಕ್ಕಾಗಿ ಎರಡು ಶೋಧಕಗಳನ್ನಿಟ್ಟು, ಒಂದು ಕಟ್ಟಿದೊಡನೆ ಮತ್ತೊಂದಕ್ಕೆ ತಿರುಗಿಸುವ ಏರ್ಪಾಡನ್ನು ಮಾಡಿರುವರು. ಹಾಯಿಯ ಆಸರೆಯಿಲ್ಲದ ನೌಕೆಯು ತೊಟ್ಟಿಲಿನಂತೆ ಎರಡು ಕಡೆಗೂ ಹೊರಳುವುದು. ಅದನ್ನು ತಗ್ಗಿಸಲು ಎರಡು ಪಕ್ಕಗಳಿಗೂ ಗಳುಗಳನ್ನು ಚಾಚಿ, ಅವುಗಳಿಂದ ಭಾರವಾದ ಲೋಹದ ಫಲಕಗಳನ್ನು ನೀರಿನೊಳಗೆ ಇಳಿಬಿಡುವರು. ಇದು ಶಾಂತಸಾಗರದ ಅಮೆರಿಕನ್ ಮೀನುಗಾರರಿಂದ ಕಲಿತ ಉಪಾಯ.

ಸಂಸ್ಕೃತದಲ್ಲಿ ಕರ್ಣವೆಂದರೆ ಚುಕ್ಕಾಣಿಯೂ ಹೌದು. ಅದನ್ನು ಹಿಡಿದವನೇ ಕರ್ಣಧಾರ. ಈಗ ಆ ಕೆಲಸವನ್ನು ವಿದ್ಯುದ್ಯಂತ್ರವೇ ಮಾಡುವುದು. ಆದರೂ ಹಗಲಿರುಳು ಒಬ್ಬರು ಸರದಿಯಂತೆ ಎಚ್ಚರವಾಗಿದ್ದು ಸುತ್ತಲೂ ನೋಡುತ್ತಿರಬೇಕು. ದೊಡ್ಡ ಹಡಗೊಂದು ದಿಗಂತದಲ್ಲಿ ಕಾಣಿಸಿಕೊಂಡ ಅರ್ಧ ಗಂಟೆಯೊಳಗೆ ಮೈಮೇಲೆ ಬರಬಹುದು. ಯಂತ್ರಕ್ಕೆ ದಿಕ್ಕು ತಿಳಿಯುವುದು. ಅಪಾಯವನ್ನು ಕಂಡು ವಿವೇಚಿಸುವುದು ಮನುಷ್ಯನಿಗೇ ಬಿಟ್ಟ ಕೆಲಸ.

ಕಾಲನಿರ್ಣಯವೂ ಅಷ್ಟೇ ಅಗತ್ಯವು. ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತಗಳ ಕಾಲವು ಜೂನಿನಿಂದ ನವೆಂಬರಿನವರೆಗೆ. ಆದುದರಿಂದ ತಿಳಿದವರು ಮೇ ತಿಂಗಳಿನಲ್ಲಿಯೋ ಜೂನ್ ಆದಿಯಲ್ಲಿಯೋ ಬರ್ಮುಡವನ್ನು ಬಿಡುವರು. ನಮ್ಮ ಕರಾವಳಿಯ ಮೀನುಗಾರರೂ ಮುಂಗಾರಿನ ಉಗ್ರತೆ ತಗ್ಗಿದ ಮೇಲೆ ನೂಲುಹುಣ್ಣಿಮೆಯಂದು ಸಮುದ್ರಕ್ಕೆ ಪೂಜೆ ಸಲ್ಲಿಸಿ ಕಡಲಿಗಿಳಿಯುವ ವಾಡಿಕೆಯುಂಟಲ್ಲವೆ?

ಕಡೆಯದಾಗಿ ಮನೆಯಲ್ಲಿ ಉಳಿದವರ ಮಾತು. ಹೊರಡುವವನಿಗೆ ನಿತ್ಯವೂ ಕೆಲಸವಿರುವುದು; ಕಾಯುವವರಿಗೆ ಕಾಯುವುದೊಂದೇ ಕೆಲಸ. ಆದುದರಿಂದ ನೌಕೆಯ ಹೆಸರು, ಬಣ್ಣ, ಜನರ ಸಂಖ್ಯೆ, ಹೋಗುವ ಮಾರ್ಗ, ಮುಟ್ಟುವ ದಿನ, ಯಾವ ದಿನದವರೆಗೆ ಸುದ್ದಿಯಿಲ್ಲದಿದ್ದರೆ ಕರಾವಳಿಯ ರಕ್ಷಣಾಧಿಕಾರಿಗಳಿಗೆ ತಿಳಿಸಬೇಕೆಂಬುದು, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡತಕ್ಕದ್ದು. ಆಪತ್ತಿನಲ್ಲಿ ಉಪಗ್ರಹದ ಮೂಲಕ ನೌಕೆಯ ಸ್ಥಾನವನ್ನು ತಿಳಿಸುವ ರೇಡಿಯೋ ಸಾಧನವು ಈಗ ಉಂಟು. ಆದರೂ ಆ ಕಾಗದವು ಬೇಕೇ ಬೇಕು. ಮೆಲ್ಲನೆ ಹೋಗುವೆನೆಂದು ನಿಶ್ಚಯಿಸಿದವನು ದಿನವನ್ನು ಎರಡು ಮುಂದಕ್ಕೇ ಬರೆಯಲಿ. ಹೇಳಿದ ದಿನಕ್ಕೆ ಮುಂಚೆ ಬಂದವನನ್ನು ಯಾವ ತಾಯಿಯೂ ಬೈಯುವುದಿಲ್ಲ.